51 ಮತ್ತು 100ರ ನಡುವೆ

ಮುಂಬೈಯಲ್ಲಿ ಹೌಸಿಂಗ್ ಸೊಸೈಟಿಯ, ಅಂದರೆ ಫ್ಲಾಟ್ ಮಾಲೀಕರೇ ಸದಸ್ಯರಾಗಿರುವ ಸಂಘದ, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಬೇಕಾದರೆ ಕಾನೂನು ಕೇಳುವುದು ಶೇ. 51 ಸದಸ್ಯರ ಒಪ್ಪಿಗೆ. ಆದರೆ ಜೆಸಿಬಿ ಗೇಟಿನ ಒಳಗೆ ಬರಬೇಕಾದರೆ ಎಲ್ಲಾ ಮನೆಗಳ ಕೀಲಿಯೂ ಬೇಕು. ನಡುವೆ ಉಳಿಯುವ ಆ 49ರಲ್ಲೇ ನನ್ನ ಅನ್ನ ಇದೆ.

ನಾನು ಕೆಲಸ ಮಾಡುವುದು ಒಂದು ಪಿಎಂಸಿಯಲ್ಲಿ. ಪುಣೆಯವರಿಗೆ ಪಿಎಂಸಿ ಅಂದರೆ ಅವರ ಮಹಾನಗರಪಾಲಿಕೆ. ನಮ್ಮ ಧಂದೆಯಲ್ಲಿ ಮಾತ್ರ ಅದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್. ರಿಡೆವಲಪ್‌ಮೆಂಟ್‌ಗೆ ಹೊರಟ ಸೊಸೈಟಿ ನಮ್ಮನ್ನು ನೇಮಿಸಿಕೊಳ್ಳುತ್ತದೆ. ಹಳೇ ಕಟ್ಟಡ ಅಳೆಯುವುದು, ಎಷ್ಟು ಎಫ್‌ಎಸ್‌ಐ, ಅಂದರೆ ಆ ಜಾಗದಲ್ಲಿ ಎಷ್ಟು ಚದರಡಿ ಕಟ್ಟಲು ಅನುಮತಿ, ಸಿಗುತ್ತದೆ ನೋಡುವುದು, ಟೆಂಡರ್ ಬರೆಯುವುದು, ಬಿಲ್ಡರ್ ಬಂದ ಮೇಲೆ ಅವನ ಕೆಲಸದ ಮೇಲೆ ಕಣ್ಣಿಡುವುದು, ಎಲ್ಲಾ ನಮ್ಮ ತಲೆ ಮೇಲೆ. ಸದಸ್ಯರ ಪ್ರಕಾರ ನಾವು ಬಿಲ್ಡರ್ ಕಡೆಯವರು. ಬಿಲ್ಡರ್ ಪ್ರಕಾರ ಸದಸ್ಯರ ತಲೆ ಕೆಡಿಸುವವರೇ ನಾವು. ಎರಡೂ ಕಡೆಯಿಂದ ಬೈಗುಳ ಸಮಸಮವಾಗಿ ಬರುತ್ತಿದ್ದರೆ ಕೆಲಸ ಸರಿಯಾಗಿ ನಡೀತಿದೆ ಅಂತ ನನ್ನ ಲೆಕ್ಕ.

ಈ 51ರ ಹಿಂದೆ ಒಂದು ಚಿಕ್ಕ ಇತಿಹಾಸ ಇದೆ. ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯ್ದೆಯ 79ಎ ಕಲಮಿನಡಿ ಸರ್ಕಾರ 2009ರ ಜನವರಿ 3ರಂದು ರಿಡೆವಲಪ್‌ಮೆಂಟ್‌ಗೆ ಮೊದಲ ನಿಯಮಾವಳಿ ಹೊರಡಿಸಿತು. ಆಗ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕಿತ್ತು. 2019ರ ಜುಲೈ 4ರಂದು ಅದನ್ನು ತಿದ್ದಿ ಒಟ್ಟು ಸದಸ್ಯರಲ್ಲಿ ಶೇ. 51ಕ್ಕೆ ಇಳಿಸಿದರು. ಬಿಲ್ಡರ್ ಆಯ್ಕೆಯ ಸಭೆಗೆ ರಿಜಿಸ್ಟ್ರಾರ್ ಕಚೇರಿಯಿಂದ ಅಧಿಕಾರಿ ಬರಬೇಕು, ಸಭೆಯ ವಿಡಿಯೋ ತೆಗೆಯಬೇಕು. ಕಷ್ಟಪಟ್ಟು ಮಾಡಿದ ನಿಯಮಗಳು, ನಾನು ಅವುಗಳನ್ನು ಹೀಗಳೆಯುವುದಿಲ್ಲ. ಹತ್ತು ಜನರ ಹಠಕ್ಕೆ ನೂರು ಜನ ಸೋರುವ ಸೂರಿನ ಕೆಳಗೆ ಕೂರಬಾರದು ಅನ್ನುವುದು ನ್ಯಾಯವೇ. ಬಹುಮತದ ತೀರ್ಮಾನಕ್ಕೆ ಉಳಿದವರೂ ಬದ್ಧ ಅಂತ ಬಾಂಬೆ ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಆದರೆ ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ಏನಾಗುತ್ತದೆ ನೋಡಿ. ಮುಕ್ಕಾಲು ಮನೆಯವರು ಸಾಮಾನು ಕಟ್ಟಿಕೊಂಡು ಬಾಡಿಗೆ ಮನೆಗೆ ಹೋಗಿರುತ್ತಾರೆ. ಅವರ ಬಾಡಿಗೆ ಬಿಲ್ಡರ್ ಕೊಡಬೇಕು. ಕಟ್ಟಡ ನಿಂತೇ ಇದೆ, ಮೂರು ಮನೆಯ ಕಿಟಕಿಯಲ್ಲಿ ಬಟ್ಟೆ ಒಣಗುತ್ತಿದೆ, ಬ್ಯಾಂಕಿನ ಬಡ್ಡಿ ಏರುತ್ತಿದೆ. ಬಿಲ್ಡರ್‌ನ ಫೈನಾನ್ಸ್‌ನವನು ಫೋನ್ ಎತ್ತುವುದನ್ನು ನಿಲ್ಲಿಸುತ್ತಾನೆ. ಮುಂದಿನ ಚೆಕ್ ಬೌನ್ಸ್ ಆಗುತ್ತದೆ. ಆಗ ಮೊದಲ ದಿನ ಕೈ ಎತ್ತಿ ಜೈ ಅಂದವರೇ ತಿರುಗಿ ಬೀಳುತ್ತಾರೆ. 51 ಇದ್ದದ್ದು 40 ಆಗುವುದಕ್ಕೆ ಹೊತ್ತು ಬೇಕಾಗಿಲ್ಲ. ಮುಂಬೈಯ ಯಾವ ಉಪನಗರಕ್ಕೆ ಹೋದರೂ ಇಂಥ ಅರ್ಧಂಬರ್ಧ ಕಟ್ಟಡ ಒಂದಾದರೂ ಕಣ್ಣಿಗೆ ಬೀಳುತ್ತದೆ. ಕಂಬಿಗಳು ಆಕಾಶ ನೋಡುತ್ತಾ ತುಕ್ಕು ಹಿಡಿದಿರುತ್ತವೆ.

ಹಾಗಾಗಿ ಒಪ್ಪಿಗೆ ಬೇರೆ, ತೃಪ್ತಿ ಬೇರೆ. ಒಪ್ಪಿಗೆ ಸಭೆಯಲ್ಲಿ ಸಿಗುತ್ತದೆ. ತೃಪ್ತಿ ಮನೆಮನೆಗೆ ಹೋದರೆ ಮಾತ್ರ ಸಿಗುತ್ತದೆ, ಅದೂ ಒಂದೇ ಸಲಕ್ಕೆ ಅಲ್ಲ.

ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿ ಪರೀಕ್ಷೆಗೆ ಓದಿದವರಿಗೆ ಸ್ಟೇಕ್‌ಹೋಲ್ಡರ್, ಅಂದರೆ ಕೆಲಸದ ಲಾಭ-ನಷ್ಟ ತಟ್ಟುವವರು, ಅನ್ನುವ ಪಾಠ ಗೊತ್ತಿರುತ್ತದೆ. ಆ ಪರೀಕ್ಷೆ ನಡೆಸುವ ಅಮೆರಿಕದ ಪಿಎಂಐ ಸಂಸ್ಥೆ ತನ್ನ ಮಾರ್ಗದರ್ಶಿಯ ಐದನೇ ಆವೃತ್ತಿಯಲ್ಲಿ, ಅಂದರೆ 2013ರಲ್ಲಿ, ಇದಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿತು. ಅದಕ್ಕೂ ಮುಂಚೆ ಅದು ಸಂವಹನದ ಅಧ್ಯಾಯದೊಳಗೇ ಒಂದು ಮೂಲೆಯಲ್ಲಿ ಕೂತಿತ್ತು. ಈ ಪಾಠದಲ್ಲಿ ಎಲ್ಲರೂ ಬಾಯಿಪಾಠ ಮಾಡುವ ಒಂದು ಚೌಕ ಇದೆ, ನಾಲ್ಕು ಮನೆಯದ್ದು. ಒಂದು ಕಡೆ ಶಕ್ತಿ, ಇನ್ನೊಂದು ಕಡೆ ಆಸಕ್ತಿ. ಎರಡೂ ಜಾಸ್ತಿ ಇರುವವರನ್ನು ಹತ್ತಿರದಿಂದ ನೋಡಿಕೊಳ್ಳಿ. ಶಕ್ತಿ ಜಾಸ್ತಿ, ಆಸಕ್ತಿ ಕಡಿಮೆ ಇರುವವರನ್ನು ತೃಪ್ತಿಯಾಗಿಡಿ. ಆಸಕ್ತಿ ಇದ್ದು ಶಕ್ತಿ ಇಲ್ಲದವರಿಗೆ ಆಗಾಗ ವಿಷಯ ತಿಳಿಸಿ. ಎರಡೂ ಇಲ್ಲದವರ ಮೇಲೆ ಸುಮ್ನೆ ಒಂದು ಕಣ್ಣಿರಲಿ.

ಚೌಕ ಕೆಟ್ಟದ್ದಲ್ಲ. ಹೊಸಬರಿಗೆ ನಾನೇ ಬರೆದು ತೋರಿಸುತ್ತೇನೆ. ನನ್ನ ತಕರಾರು ಒಂದೇ. ಅದರಲ್ಲಿ ಮನುಷ್ಯರನ್ನು ಒಮ್ಮೆ ಕೂರಿಸಿದರೆ ಅವರು ಅಲ್ಲೇ ಕೂತಿರುತ್ತಾರೆ ಅಂತ ನಂಬಿಬಿಡುತ್ತೇವೆ. ನಿಜದಲ್ಲಿ ತಾರೀಖು ಬದಲಾದ ಹಾಗೆ ಜನ ಮನೆ ಬದಲಿಸುತ್ತಾರೆ. ಟೆಂಡರ್ ದಿನ ಎರಡನೇ ಮಹಡಿಯ ಅಜ್ಜಿಗೆ ಇರುವುದು ಒಂದು ಓಟು. ಅವರು ಬರದಿದ್ದರೂ ಸಭೆ ನಡೆಯುತ್ತದೆ. ಖಾಲಿ ಮಾಡುವ ದಿನ ಅದೇ ಅಜ್ಜಿಯ ಬೀಗ ಇಡೀ ಪ್ರಾಜೆಕ್ಟ್‌ನ ಬೀಗ. ಅಡಿಪಾಯ ಮುಗಿದ ಮೇಲೆ ಮತ್ತೆ ಅವರಿಗೆ ಶಕ್ತಿ ಇಲ್ಲ, ಕಾಯುವುದೊಂದೇ ಕೆಲಸ. ಶಕ್ತಿ ಬರುವ ದಿನ ಯಾವುದು ಅಂತ ಮುಂಚೆಯೇ ಲೆಕ್ಕ ಹಾಕಿ, ಅದು ಬರುವ ಬಹಳ ಮೊದಲೇ ಅವರ ಮನೆಗೆ ಹೋಗಿಬಂದಿರಬೇಕು. ಕೈಯಲ್ಲಿ ಏನೂ ಇಲ್ಲದ ದಿನ ಬಂದು ಮಾತಾಡಿಸಿದವನನ್ನು ಯಾರೂ ಮರೆಯುವುದಿಲ್ಲ. ಬೀಗ ಕೈಗೆ ಬಂದ ದಿನ ಸಿಹಿ ಡಬ್ಬ ಹಿಡಿದು ಬಂದವನನ್ನೂ ಮರೆಯುವುದಿಲ್ಲ.

ಆ ಅಜ್ಜಿಯ ವಿಷಯಕ್ಕೇ ಬರುತ್ತೇನೆ. ಧಾರವಾಡ ಕಡೆಯವರು, ಗಂಡ ರೈಲ್ವೇಯಲ್ಲಿದ್ದರು, ಮುಂಬೈಗೆ ಬಂದು ಒಂದು ತಲೆಮಾರೇ ಆಗಿದೆ. ಸೊಸೈಟಿಯಲ್ಲಿ ಮರಾಠಿ, ಗುಜರಾತಿ ಮನೆಗಳೇ ಜಾಸ್ತಿ. ನಾನು ಕನ್ನಡದವನು ಅಂತ ಗೊತ್ತಾದ ಮೇಲೆ ಅವರ ದೂರುಗಳೆಲ್ಲ ನೇರವಾಗಿ ನನ್ನ ಫೋನಿಗೇ ಬರತೊಡಗಿದವು.

“ಏ ತಮ್ಮಾ, ಅಡಗಿಮನಿ ಪೂರ್ವಕ್ಕ ಇರಬೇಕ ನೋಡು. ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ.”

ಆರ್ಕಿಟೆಕ್ಟ್ ಗೊಣಗಿಕೊಂಡೇ ನಕ್ಷೆ ತಿರುಗಿಸಿದ. ಅಡುಗೆಮನೆ ಪೂರ್ವಕ್ಕೆ ಬಂತು. ಆಮೇಲೆ ದೇವರಮನೆಗೆ ಗೋಡೆ ಬೇಕು ಅಂತ ಬಂತು. ಗೋಡೆಯೂ ಆಯಿತು. ಆಮೇಲೆ ಬಾಲ್ಕನಿ ಚಿಕ್ಕದಾಯಿತು ಅಂದರು. ಬಿಲ್ಡರ್ ಕಡೆಯ ಹುಡುಗ ತಲೆ ಚಚ್ಚಿಕೊಂಡ. ಈ ಮುದುಕಿಗೆ ಎಷ್ಟು ಕೊಟ್ಟರೂ ಸಾಲದು ಅಂದ.

ಒಂದು ಬೇಡಿಕೆ ತೀರಿದ ತಕ್ಷಣ ಇನ್ನೊಂದು ಹುಟ್ಟುತ್ತಿದ್ದರೆ ನಕ್ಷೆ ತಿದ್ದುವುದನ್ನು ನಿಲ್ಲಿಸಬೇಕು. ತೊಂದರೆ ನಕ್ಷೆಯಲ್ಲಿ ಇರುವುದಿಲ್ಲ. ನಾನು ಒಂದು ಮಧ್ಯಾಹ್ನ, ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗಿದ್ದ ಹೊತ್ತು ನೋಡಿ ಹೋದೆ. ಫೈಲ್ ಒಯ್ಯಲಿಲ್ಲ. ಚಹಾ ಕೊಟ್ಟರು. ಹುಬ್ಬಳ್ಳಿಯಲ್ಲಿರುವ ಮಗಳ ಸುದ್ದಿ, ಮೊಮ್ಮಕ್ಕಳ ಪರೀಕ್ಷೆಯ ಸುದ್ದಿ, ನೀರು ಬರುವ ಟೈಮು ಬದಲಾದ ಸುದ್ದಿ ಎಲ್ಲಾ ಆಯಿತು. ಕಪ್ಪು ಒಳಗಿಟ್ಟು ಬಂದು ಕೂತು ಕೇಳಿದರು.

“ಅಲ್ಲೋ ತಮ್ಮಾ, ಆ ಹೊಸಾ ಅಗ್ರಿಮೆಂಟಿನಾಗ ಯಾರ ಹೆಸರು ಬರತೈತಿ?”

“ನಿಮ್ಮದೇ ಅಜ್ಜಿ. ಶೇರ್ ಸರ್ಟಿಫಿಕೇಟ್ ನಿಮ್ಮ ಹೆಸರಲ್ಲೇ ಇದೆಯಲ್ಲ.”

“ಮತ್ತ ನಾ ಹೋದಮ್ಯಾಲ?”

ಆಗ ತಿಳಿಯಿತು. ಗಂಡ ತೀರಿಕೊಂಡ ವರ್ಷ ಯಾರೋ ಫಾರ್ಮ್ ತುಂಬಿಸಿದ್ದರು. ನಾಮಿನಿ ಜಾಗದಲ್ಲಿ ಮಗನ ಹೆಸರು ಮಾತ್ರ ಇದೆ. ಮಗಳಿಗೆ ಒಂದು ಪಾಲು ಸಿಗಬೇಕು ಅಂತ ಇವರ ಆಸೆ. ಮಗನ ಎದುರು ಬಾಯಿ ಬಿಡಲು ಧೈರ್ಯ ಇಲ್ಲ, ಅವನ ಜೊತೆಗೇ ಇರಬೇಕಲ್ಲ. “ಈ ಹಳೇ ಮನಿ ಇರೂತನಕಾ ಯಾರೂ ಏನೂ ಕೇಳೂದಿಲ್ಲ. ಹೊಸಾದು ಆತಂದ್ರ ಅದರ ರೇಟು ನೋಡಿ ಜಗಳ ಚಾಲೂ ಆಗತೈತಿ” ಅಂದರು. ಅಂದರೆ ಅವರಿಗೆ ಕಟ್ಟಡ ಬೀಳುವುದೇ ಬೇಡವಾಗಿತ್ತು. ಅದನ್ನು ಸಭೆಯಲ್ಲಿ ಹೇಳಲು ಆಗುವುದಿಲ್ಲ. ಅಡುಗೆಮನೆಯ ದಿಕ್ಕನ್ನು ಹೇಳಬಹುದು.

ನಾಮಿನಿ ಆದ ಮಾತ್ರಕ್ಕೆ ಮಾಲೀಕ ಆಗುವುದಿಲ್ಲ, ವಾರಸುದಾರರ ಹಕ್ಕು ಬೇರೆ, ಉಯಿಲು ಬರೆದಿಟ್ಟರೆ ಯಾರಿಗೆ ಏನು ಅಂತ ಸ್ಪಷ್ಟವಾಗುತ್ತದೆ, ಇಷ್ಟು ಮಾತ್ರ ಹೇಳಿದೆ. ಇದಕ್ಕಿಂತ ಮುಂದೆ ಹೋಗುವುದು ನನ್ನ ಕೆಲಸ ಅಲ್ಲ. ಬಿಲ್ಡರ್‌ನ ವಕೀಲರೂ ಬೇಡ, ಸೊಸೈಟಿಯ ವಕೀಲರೂ ಬೇಡ, ನಿಮ್ಮದೇ ಒಬ್ಬರನ್ನು ನೋಡಿ ಅಂದೆ. ಮಗಳು ಹುಬ್ಬಳ್ಳಿಯಿಂದ ಬಂದಾಗ ಆ ಕೆಲಸ ಆಯಿತಂತೆ. ಅಜ್ಜಿ ಸಹಿ ಹಾಕಿದರು. ಮುಂದೆ ಲಿಫ್ಟಿನ ಜಾಗ ಸರಿಸುವಾಗ ಅಡುಗೆಮನೆ ಮತ್ತೆ ಹಳೇ ದಿಕ್ಕಿಗೇ ಹೋಯಿತು. ಹೇಳೋಣ ಅಂತ ಫೋನ್ ಮಾಡಿದರೆ “ಇರಲಿ ಬಿಡಪಾ, ಅನ್ನ ಬೆಂದ್ರ ಸಾಕು” ಅಂದರು. ಆ ಸಹಿಗಾಗಿ ಬಿಲ್ಡರ್ ಕೈಯಿಂದ ಒಂದು ರೂಪಾಯಿಯೂ ಹೋಗಲಿಲ್ಲ.

ಎಲ್ಲಾ ತಕರಾರಿನ ಹಿಂದೆಯೂ ಹೀಗೊಂದು ಕಥೆ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಕೆಲವರಿಗೆ ಬೇಕಾಗಿರುವುದು ದುಡ್ಡೇ. ಕೊನೆಯವರೆಗೂ ಬೀಗ ತೆಗೆಯದೆ ಕೂತರೆ ರೇಟು ಏರುತ್ತದೆ ಅಂತ ಗೊತ್ತಿರುವ ಜಾಣರು ಪ್ರತಿ ಸೊಸೈಟಿಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಂಥವರ ಬಳಿ ಹೋಗಿ ಮನಸ್ಸಿನಲ್ಲಿ ಏನಿದೆ ಅಂತ ಪ್ರೀತಿಯಿಂದ ಕೇಳುತ್ತಾ ಕೂತರೆ ತಲೆ ಮೇಲೆ ಕೂರುತ್ತಾರೆ.

ಇಲ್ಲೇ ಬಿಲ್ಡರ್‌ಗಳು ಒಂದು ಅಡ್ಡದಾರಿ ಹಿಡಿಯುತ್ತಾರೆ. ಒಳಗೊಳಗೇ ಆ ಒಬ್ಬನಿಗೆ ಐವತ್ತು ಚದರಡಿ ಜಾಸ್ತಿ, ಇಲ್ಲವೇ ಕಾರ್ಪಸ್‌ನಲ್ಲಿ, ಅಂದರೆ ಬಿಲ್ಡರ್ ಸದಸ್ಯರಿಗೆ ಕೊಡುವ ಇಡಿಗಂಟಿನಲ್ಲಿ, ಏನೋ ಒಂದು ಸೇರಿಸಿ ಕೈ ಕುಲುಕಿಬಿಡುತ್ತಾರೆ. ಯಾರಿಗೂ ಹೇಳಬೇಡಿ ಅನ್ನುತ್ತಾರೆ. ಮುಂಬೈಯ ಸೊಸೈಟಿಯಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ ಹೇಳಿ. ಅದರಲ್ಲೂ ನಮ್ಮವರ ನಡುವೆ. ಮಾಟುಂಗದಲ್ಲಿ ಒಂದು ಮದುವೆ, ಯಾವುದಾದರೂ ಸಂಘದ ಹಾಲಿನಲ್ಲಿ ಒಂದು ತಾಳಮದ್ದಳೆ, ಅಷ್ಟು ಸಾಕು. ಊಟದ ಸಾಲಿನಲ್ಲಿ ನಿಂತಾಗಲೇ ಯಾರಿಗೆ ಎಷ್ಟು ಅಡಿ ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ.

ಆ ಅಜ್ಜಿಯ ಸೊಸೈಟಿಯ ಕಮಿಟಿಯಲ್ಲಿ ನಮ್ಮ ಕರಾವಳಿಯವರೊಬ್ಬರು ಇದ್ದರು. ಹೋಟೆಲಿನಲ್ಲೇ ಬೆಳೆದು ಹೋಟೆಲ್ ಇಟ್ಟವರು. ಹೀಗೊಂದು ಒಳ ಒಪ್ಪಂದದ ಮಾತು ಬಂದಾಗ ಬಿಲ್ಡರ್ ಎದುರೇ ನನ್ನ ಕಡೆ ತಿರುಗಿ, “ನೋಡಿ ಮಾರಾಯ್ರೆ, ಪಕ್ಕದ ಟೇಬಲ್‌ಗೆ ದೊಡ್ಡ ವಡೆ ಹೋಯ್ತು ಅಂತಾದ್ರೆ ಗಿರಾಕಿ ಮತ್ತೆ ತನ್ನ ವಡೆಯ ರುಚಿ ನೋಡೂದಿಲ್ಲ, ಅವನ ಪ್ಲೇಟೇ ನೋಡ್ತಾ ಕೂತ್ಕೊಳ್ತಾನೆ” ಅಂದರು. ಬಿಲ್ಡರ್‌ಗೆ ಕನ್ನಡ ಬರುವುದಿಲ್ಲ. ಹಿಂದಿಯಲ್ಲಿ ಹೇಳಿದೆ. ನಕ್ಕ, ಆದರೆ ಮಾತು ನಾಟಿತು.

ಅವತ್ತು ಹೊರಬಂದ ದಾರಿ ಇದು. ಜಾಸ್ತಿ ಏನು ಕೊಟ್ಟರೂ ಆಸಾಮಿ ನೋಡಿ ಕೊಡಬಾರದು, ಪರಿಸ್ಥಿತಿ ನೋಡಿ ಕೊಡಬೇಕು, ಅದನ್ನೂ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಸಾಮಾನು ಸಾಗಿಸಲು ಇಷ್ಟು ಜಾಸ್ತಿ. ಬೋರ್ಡ್ ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಖಾಲಿ ಮಾಡಲು ಪರೀಕ್ಷೆ ಮುಗಿಯುವವರೆಗೆ ಸಮಯ. ವೀಲ್‌ಚೇರ್ ಇದ್ದರೆ ಕೆಳಗಿನ ಮಹಡಿ. ಯಾರ ಹೆಸರೂ ಇಲ್ಲ. ಆ ಪರಿಸ್ಥಿತಿ ಯಾರಿಗಿದ್ದರೂ ಬಂದು ಕೇಳಬಹುದು. ಜಾಣರ ಬಳಿ ತೋರಿಸಲು ಅಂಥ ಪರಿಸ್ಥಿತಿಯೇ ಇರುವುದಿಲ್ಲ. ಅವರಲ್ಲಿ ಇಬ್ಬರು ಕೊನೆಗೂ ಖುಷಿಯಾಗಲಿಲ್ಲ. ಒಬ್ಬರು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಆದರೆ ಕೀಲಿ ಕೊಟ್ಟರು. ಸುತ್ತಲಿನ ಮನೆಯವರೆಲ್ಲ ಖಾಲಿ ಮಾಡಿ ಹೋದ ಮೇಲೆ ಒಬ್ಬನೇ ಕೂತು ಹಠ ಮಾಡುವುದಕ್ಕೆ ಬಹಳ ಗಟ್ಟಿ ಗುಂಡಿಗೆ ಬೇಕು.

ಈ ಸಣ್ಣ ಸೊಸೈಟಿಯ ಲೆಕ್ಕವೇ ದೊಡ್ಡ ಕಾಮಗಾರಿಗಳಲ್ಲೂ ನಡೆಯುತ್ತದೆ. ವರ್ಲಿ ಕೋಳಿವಾಡದ ಮೀನುಗಾರರ ವಿಷಯ ಮುಂಬೈಯವರಿಗೆ ನೆನಪಿರಬಹುದು. ಕೋಸ್ಟಲ್ ರೋಡನ್ನು ಬಾಂದ್ರಾ-ವರ್ಲಿ ಸೀ ಲಿಂಕ್‌ಗೆ ಜೋಡಿಸುವ ಸೇತುವೆ, ಈ ಮೀನುಗಾರರು ದೋಣಿ ಹೊರಡಿಸುವ ದಾರಿಯ ಮೇಲೆಯೇ ಹಾದುಹೋಗುತ್ತದೆ. ಪಾಲಿಕೆಯ ನಕ್ಷೆಯಲ್ಲಿ ಕಂಬದಿಂದ ಕಂಬಕ್ಕೆ 60 ಮೀಟರ್ ಅಂತರ ಇತ್ತು. ಲೆಕ್ಕದ ಪ್ರಕಾರ ದೋಣಿಗೆ ಅದು ಧಾರಾಳ ಸಾಕು. ಮೀನುಗಾರರು ಸಾಲದು ಅಂದರು. ಗಾಳಿ ಎದ್ದಾಗ, ಸೆಳೆತ ಜಾಸ್ತಿ ಇದ್ದಾಗ ದೋಣಿ ನೇರವಾಗಿ ಹೋಗುವುದಿಲ್ಲ, ಪಕ್ಕಕ್ಕೆ ಎಳೆದುಕೊಂಡು ಹೋಗಿ ಕಂಬಕ್ಕೆ ಬಡಿಯುತ್ತದೆ ಅಂದರು. ಅಂತರ ಇದರ ದುಪ್ಪಟ್ಟಿಗಿಂತ ಜಾಸ್ತಿ ಬೇಕು ಅಂತ ಪಟ್ಟು ಹಿಡಿದರು. ದೋಣಿಗಳನ್ನು ಅಡ್ಡ ನಿಲ್ಲಿಸಿ ಸಮುದ್ರದಲ್ಲಿ ಕೆಲಸ ತಡೆದರು. ಕಾಮಗಾರಿ ಆ ಭಾಗದಲ್ಲಿ ತಿಂಗಳುಗಟ್ಟಲೆ ನಿಂತಿತು.

2022ರ ಡಿಸೆಂಬರ್ ಕೊನೆಗೆ ಪಾಲಿಕೆ ಒಪ್ಪಿತು. ಒಂದು ಕಂಬವನ್ನೇ ನಕ್ಷೆಯಿಂದ ತೆಗೆದು ಅಂತರವನ್ನು 120 ಮೀಟರ್ ಮಾಡಿದರು. ಕಂಬ ತೆಗೆದ ಮೇಲೆ ಅಷ್ಟುದ್ದದ ಭಾರ ಹೊರಲು ಬೇರೆ ಉಪಾಯ ಬೇಕಲ್ಲ, ಅದಕ್ಕೆ ಬಿಲ್ಲಿನಾಕಾರದ 136 ಮೀಟರ್ ಉದ್ದದ ಉಕ್ಕಿನ ಕಮಾನು ಬಂತು. ಈಗ ಸೀ ಲಿಂಕ್ ಕಡೆಯಿಂದ ಬರುವವರು ಫೋಟೋ ತೆಗೆಯುವುದು ಅದನ್ನೇ. 2024ರ ಮಾರ್ಚ್‌ನಲ್ಲಿ ಕೋಸ್ಟಲ್ ರೋಡಿನ ಮೊದಲ ಭಾಗ ತೆರೆದಾಗ ಈ ಜೋಡಣೆ ಇನ್ನೂ ಸಿದ್ಧ ಇರಲಿಲ್ಲ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಂದು ಬದಿ ಓಡಾಟಕ್ಕೆ ಸಿಕ್ಕಿತು.

ನಾಲ್ಕು ಮನೆಯ ಚೌಕದಲ್ಲಿ ಈ ಮೀನುಗಾರರನ್ನು ಎಲ್ಲಿ ಕೂರಿಸುತ್ತಿದ್ದೆವು? ಆಸಕ್ತಿ ಇದೆ, ಶಕ್ತಿ ಇಲ್ಲ, ಆಗಾಗ ವಿಷಯ ತಿಳಿಸಿದರೆ ಸಾಕು ಅನ್ನುವ ಮನೆಯಲ್ಲಿ. ಸಾವಿರಾರು ಕೋಟಿಯ ಕಾಮಗಾರಿಯ ಮುಂದೆ ಮರದ ದೋಣಿ. ಆದರೆ ಕಂಬ ನೆಡುವ ಜಾಗದಲ್ಲಿ ದಿನಾ ಓಡಾಡುವವರು ಅವರೇ. ಆ ನೀರಿನ ಸೆಳೆತ ಅವರ ಕೈಗೆ ಗೊತ್ತು. ಅವರ ಮಾತನ್ನು ನಾನು ಬರೀ ವಿರೋಧ ಅಂತ ನೋಡುವುದಿಲ್ಲ, ಸ್ಥಳದ ಸರ್ವೆ ವರದಿ ಅಂತ ನೋಡುತ್ತೇನೆ. ಬಾಯಲ್ಲಿ ಬಂದ ವರದಿ, ಅಷ್ಟೇ. ನಕ್ಷೆ ಕಾಗದದ ಮೇಲೆ ಇದ್ದಾಗಲೇ ಅದನ್ನು ಕೇಳಿಸಿಕೊಂಡಿದ್ದರೆ ಒಂದು ಗೆರೆ ಅಳಿಸಿದರೆ ಮುಗಿಯುತ್ತಿತ್ತು. ಕ್ರೇನ್ ನೀರಿಗೆ ಇಳಿದ ಮೇಲೆ ಆ ಗೆರೆಯ ರೇಟೇ ಬೇರೆ.

ಪುಣೆಯಲ್ಲೂ ಇಂಥದ್ದೊಂದು ಆಯಿತು. ಮುಠಾ ನದಿಯ ಮೇಲಿನ ಲಕಡಿ ಪೂಲ್, ಅಂದರೆ ಸಂಭಾಜಿ ಸೇತುವೆ, ಅದರ ಮೇಲೆ ಮೆಟ್ರೋ ಗರ್ಡರ್ ಇಡುವ ಹೊತ್ತಿಗೆ, 2021ರಲ್ಲಿ, ಗಣಪತಿ ಮಂಡಳಿಗಳು ಎದ್ದು ನಿಂತವು. ವಿಸರ್ಜನೆಯ ಮೆರವಣಿಗೆಯ ರಥ ಇದರ ಕೆಳಗೆ ಹೇಗೆ ಹೋಗುತ್ತದೆ ಅಂತ. ಕೆಲಸ ಕೆಲಕಾಲ ನಿಂತಿತು, ಆಮೇಲೆ ಮುಂದುವರಿಯಿತು, 2023ರ ಆಗಸ್ಟ್‌ನಲ್ಲಿ ಆ ಮಾರ್ಗ ತೆರೆಯಿತು. ಯಾರದ್ದು ಸರಿ ಅಂತ ನಾನು ಹೇಳುವುದಿಲ್ಲ, ಪುಣೆಯವರ ಗಣಪತಿ ವಿಷಯದಲ್ಲಿ ಹೊರಗಿನವನು ಬಾಯಿ ಹಾಕಬಾರದು. ಆದರೆ ರಥದ ಎತ್ತರ ಗುಟ್ಟಿನ ವಿಷಯ ಅಲ್ಲ, ಪ್ರತಿ ವರ್ಷ ಊರಿಗೆ ಊರೇ ನಿಂತು ನೋಡುವ ವಿಷಯ.

ಸರಿ, ನಮ್ಮ ಸೊಸೈಟಿಗೆ ವಾಪಸ್ ಬರೋಣ. ಚೌಕದಲ್ಲಿ ‘ತೃಪ್ತಿಯಾಗಿಡಿ’ ಅಂತ ಇರುವ ಮನೆಯಲ್ಲಿ ಕೂರುವವರು ಅಧಿಕಾರಿಗಳು. ಪಾಲಿಕೆಯ ಬಿಲ್ಡಿಂಗ್ ಪ್ರಪೋಸಲ್ ವಿಭಾಗ, ಅಗ್ನಿಶಾಮಕ ದಳ, ಮರ ಇದ್ದರೆ ವೃಕ್ಷ ಪ್ರಾಧಿಕಾರ, ವಿಮಾನ ನಿಲ್ದಾಣದ ಹತ್ತಿರ ಇದ್ದರೆ ಎತ್ತರಕ್ಕೆ ಏರ್‌ಪೋರ್ಟ್ ಅಥಾರಿಟಿ. ಮೊದಲು ಐಒಡಿ, ಅಂದರೆ ನಕ್ಷೆಗೆ ಷರತ್ತಿನ ಒಪ್ಪಿಗೆ. ಆಮೇಲೆ ಪ್ಲಿಂತ್‌ವರೆಗೆ, ಅಂದರೆ ನೆಲಗಟ್ಟಿನ ಮಟ್ಟದವರೆಗೆ, ಕೆಲಸ ಶುರು ಮಾಡಲು ಸಿಸಿ. ಪ್ಲಿಂತ್ ಪರಿಶೀಲನೆ ಆದ ಮೇಲೆ ಮುಂದಿನ ಸಿಸಿ, ಕೊನೆಗೆ ವಾಸಕ್ಕೆ ಅನುಮತಿ ಕೊಡುವ ಓಸಿ. ಇವರನ್ನು ತೃಪ್ತಿಪಡಿಸುವುದು ಅಂದ ತಕ್ಷಣ ಜನ ಕಣ್ಣು ಮಿಟುಕಿಸುತ್ತಾರೆ. ಆ ಕಥೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಹೆಚ್ಚಿನ ಅಧಿಕಾರಿಗೆ ಒಂದು ಹೆದರಿಕೆ ಜೋರಾಗಿಯೇ ಇರುತ್ತದೆ. ನಾಳೆ ಯಾರೋ ಆರ್‌ಟಿಐ ಹಾಕಿ ಈ ಫೈಲ್ ತೆಗೆಸಿದರೆ ನನ್ನ ಸಹಿ ಯಾವ ಕಾಗದದ ಮೇಲೆ ನಿಂತಿದೆ ಅನ್ನುವುದು. ಹಿಂದಿನ ಪ್ರಶ್ನೆಗೆ ಉತ್ತರ, ಅದಕ್ಕೆ ಸಂಬಂಧಿಸಿದ ನಿಯಮದ ನಂಬರು, ಅದರ ಹಿಂದೆ ನಕಲು, ಇಷ್ಟನ್ನು ಅನುಕ್ರಮವಾಗಿ ಜೋಡಿಸಿಟ್ಟ ಫೈಲ್ ಕಂಡರೆ ಅವರ ಮುಖ ಸಡಿಲಾಗುತ್ತದೆ. ಇದಕ್ಕಿಂತ ಜಾಸ್ತಿ ಹೇಳುವುದೇನೂ ಇಲ್ಲ.

ಬಿಲ್ಡರ್‌ಗೂ ಹೆದರಿಕೆ ಇರುತ್ತದೆ ಅಂದರೆ ಸದಸ್ಯರು ನಗುತ್ತಾರೆ. ಆದರೆ 79ಎ ನಿಯಮಾವಳಿ ಅವನಿಂದ ಯೋಜನಾ ವೆಚ್ಚದ ಶೇ. 20ರಷ್ಟು ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ಎರಡು ವರ್ಷದಲ್ಲಿ, ತೀರಾ ಆದರೆ ಮೂರರಲ್ಲಿ ಮುಗಿಸು ಅನ್ನುತ್ತದೆ. ಅವನ ಲಾಭ ಇರುವುದು ಮೇಲಿನ ಮಹಡಿಗಳ ಮಾರಾಟದ ಫ್ಲಾಟ್‌ಗಳಲ್ಲಿ. ಪ್ರತಿ ತಿಂಗಳು ಎಲ್ಲರ ಬಾಡಿಗೆ ಕೊಡುತ್ತಾ ಮಾರಾಟಕ್ಕೆ ಕಾಯುವುದು ಅವನಿಗೂ ತಮಾಷೆಯಲ್ಲ. ಸದಸ್ಯರ ಸಭೆಯಲ್ಲಿ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಹಂಚುವುದು ನನ್ನ ಅಭ್ಯಾಸ. ಬಾಡಿಗೆಗೆ ಎಷ್ಟು ಹೋಗುತ್ತದೆ, ಕಟ್ಟಲು ಎಷ್ಟು, ಹೆಚ್ಚು ಕಟ್ಟಲು ಪಾಲಿಕೆಗೆ ತೆರಬೇಕಾದ ಪ್ರೀಮಿಯಂ ಎಷ್ಟು. ಬಿಲ್ಡರ್‌ಗಳಿಗೆ ಇದು ಇಷ್ಟ ಆಗುವುದಿಲ್ಲ. ಹಾಳೆ ನೋಡಿದ ಮೇಲೆ ಸದಸ್ಯರು ಕೇಳುವ ಪ್ರಶ್ನೆಗಳ ಜಾತಿಯೇ ಬದಲಾಗುತ್ತದೆ. ಇನ್ನೂ ನೂರು ಚದರಡಿ ಕೊಡಿ ಅನ್ನುವ ಬದಲು, ಮಾರಾಟ ನಿಂತರೆ ನಮ್ಮ ಬಾಡಿಗೆ ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾರೆ. ಕೇಳಬೇಕಾದದ್ದು ಅದನ್ನೇ.

ಖಾಲಿ ಮಾಡಿದ ಮೇಲೆ ಸದಸ್ಯರು ಚದುರಿಹೋಗುತ್ತಾರೆ. ಒಬ್ಬರು ಡೊಂಬಿವಿಲಿ, ಒಬ್ಬರು ಠಾಣೆ, ಒಬ್ಬರು ಅದೇ ಬೀದಿಯ ಇನ್ನೊಂದು ಕಟ್ಟಡ. ಮೊದಲು ಮೆಟ್ಟಿಲ ಮೇಲೆ ಸಿಕ್ಕಾಗ ಎಲ್ಲಾ ತಿಳಿಯುತ್ತಿತ್ತು, ಈಗ ಉಳಿದಿರುವುದು ವಾಟ್ಸಾಪ್ ಗ್ರೂಪ್ ಮಾತ್ರ. ಆ ಗ್ರೂಪಿನಲ್ಲಿ ಸುದ್ದಿ ಇಲ್ಲದ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಯಾರೋ ಸೈಟ್ ಪಕ್ಕ ಹೋಗುವಾಗ ಒಂದು ಫೋಟೋ ತೆಗೆದು, ‘ಇವತ್ತೂ ಒಬ್ಬನೇ ಒಬ್ಬ ಕೂಲಿ ಇಲ್ಲ’ ಅಂತ ಹಾಕುತ್ತಾರೆ. ಅವತ್ತು ಭಾನುವಾರ ಆಗಿದ್ದರೂ ಯಾರಿಗೂ ಹೊಳೆಯುವುದಿಲ್ಲ. ರಾತ್ರಿಯೊಳಗೆ ಬಿಲ್ಡರ್ ದಿವಾಳಿ ಆಗಿರುತ್ತಾನೆ.

ಹಾಗಾಗಿ ಪ್ರತಿ ತಿಂಗಳು ಒಂದೇ ತಾರೀಖಿಗೆ ಗ್ರೂಪಿಗೆ ಒಂದು ಸಂದೇಶ ಹಾಕುತ್ತೇನೆ. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಗುಜರಾತಿಗೆ ಕಮಿಟಿಯವರೊಬ್ಬರ ಸಹಾಯ. ಏನಾಯಿತು, ಏನಾಗಲಿಲ್ಲ, ಏಕೆ, ಮುಂದಿನ ಚೆಕ್ ಯಾವಾಗ. ಏನೂ ಆಗದ ತಿಂಗಳು ‘ಈ ತಿಂಗಳು ಏನೂ ಆಗಿಲ್ಲ, ಮುಂದಿನ ಸಿಸಿ ಫೈಲ್ ಇಂಥ ಮೇಜಿನ ಮೇಲೆ ಇದೆ’ ಅಂತಲೇ ಬರೆಯುತ್ತೇನೆ. ಏನೂ ಆಗಿಲ್ಲ ಅಂತ ನಾವೇ ಬರೆದು ಯಾಕೆ ಹೇಳಬೇಕು ಅಂತ ಬಿಲ್ಡರ್ ಜಗಳಕ್ಕೆ ಬಂದ. ಕೆಲಸ ನಿಂತಿದ್ದು ಅವರಿಗೆ ಗೊತ್ತೇ ಇದೆ ಸಾಹೇಬ್ರೆ, ನಮಗೂ ಗೊತ್ತಿದೆ ಅಂತ ಅವರಿಗೆ ಗೊತ್ತಾಗಲಿ ಅಂದೆ. ‘ಕೆಲಸ ಪ್ರಗತಿಯಲ್ಲಿದೆ’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮನೆ ಬಿಟ್ಟು ಹೋದವರು ಕೆಟ್ಟ ಸುದ್ದಿ ತಡೆದುಕೊಳ್ಳುತ್ತಾರೆ. ಮೂರನೆಯವರ ಬಾಯಿಂದ ಅದು ಬಂದರೆ ತಡೆದುಕೊಳ್ಳುವುದಿಲ್ಲ.

ಯಾವ ಪಟ್ಟಿಯಲ್ಲೂ ಇಲ್ಲದವರು ಪಕ್ಕದ ಕಟ್ಟಡದವರು. ಅವರಿಗೆ ಇದರಿಂದ ಸಿಗುವುದು ಧೂಳು, ಸದ್ದು, ಗೋಡೆಯಲ್ಲಿ ಬಿರುಕು. ನಮ್ಮ ಯಾವ ಕಾಗದಕ್ಕೂ ಅವರ ಸಹಿ ಬೇಡ. ಆದರೆ 2023ರ ಅಕ್ಟೋಬರ್‌ನಲ್ಲಿ ಪಾಲಿಕೆ ಧೂಳಿನ ನಿಯಮ ತಂದ ಮೇಲೆ ಅವರ ಕೈಗೂ ಶಕ್ತಿ ಬಂತು. ಸೈಟ್ ಸುತ್ತ ಎತ್ತರದ ಶೀಟು ಕಟ್ಟಬೇಕು, ಒಂದು ಎಕರೆಗಿಂತ ಚಿಕ್ಕ ಜಾಗವಾದರೂ 25 ಅಡಿ, ನೀರು ಸಿಂಪಡಿಸುತ್ತಿರಬೇಕು. ಇಲ್ಲದಿದ್ದರೆ ಒಂದು ದೂರು ಸಾಕು, ಕೆಲಸ ನಿಲ್ಲಿಸುವ ನೋಟಿಸ್ ಬರಬಹುದು. 2024ರ ಡಿಸೆಂಬರ್ ಕೊನೆಗೆ ಬೈಕುಲ್ಲಾ ಮತ್ತು ಬೋರಿವಲಿ ಪೂರ್ವದಲ್ಲಿ ಗಾಳಿ ಕೆಟ್ಟಿತು ಅಂತ ಕಟ್ಟಡ ಕೆಲಸವನ್ನೇ ನಿಲ್ಲಿಸಿದ್ದರು. ನಾನು ಕೆಡವುವ ಮೊದಲು ಪಕ್ಕದವರ ಗೋಡೆಗಳ ಫೋಟೋ ಅವರ ಎದುರೇ ತೆಗೆಸಿ ಒಂದು ಪ್ರತಿ ಅವರಿಗೇ ಕೊಡುತ್ತೇನೆ, ಹಳೇ ಬಿರುಕು ಯಾವುದು ಹೊಸದು ಯಾವುದು ಅಂತ ನಾಳೆ ಕಿತ್ತಾಡದ ಹಾಗೆ. ಸೈಟ್ ಇಂಜಿನಿಯರ್ ನಂಬರನ್ನೂ ಕೊಡುತ್ತೇನೆ. ಪಾಪ, ಆ ಹುಡುಗನಿಗೆ ಬೆಳಿಗ್ಗೆ ಆರಕ್ಕೇ ಫೋನ್ ಶುರು.

ಸದ್ಯ ನಾನು ನೋಡಿಕೊಳ್ಳುತ್ತಿರುವ ಕಟ್ಟಡದಲ್ಲಿ ಪ್ಲಾಸ್ಟರ್ ನಡೆಯುತ್ತಿದೆ. ಕೀಲಿ ಕೊಡಲು ಇನ್ನೂ ತಿಂಗಳುಗಳಿವೆ, ಆದರೆ ಮುಂದಿನ ಸಭೆಯಲ್ಲಿ ಪಾರ್ಕಿಂಗ್ ವಿಷಯ ಬರಲಿದೆ. ನೆಲದ ಮೇಲಿನ ಜಾಗ ಕಡಿಮೆ, ಉಳಿದದ್ದು ಒಂದರ ಮೇಲೊಂದು ಕಾರು ನಿಲ್ಲಿಸುವ ಯಂತ್ರ. ಮೇಲಿನ ಪ್ಯಾಲೆಟ್ ಯಾರಿಗೂ ಬೇಡ. ಚೀಟಿ ಎತ್ತೋಣ ಅಂತ ಕಮಿಟಿ ಹೇಳುತ್ತಿದೆ. ಮನೆ ಬಿಡುವಾಗ ಚಕಾರ ಎತ್ತದೆ ಸಹಿ ಹಾಕಿದ ಇಬ್ಬರು ಈಗ ಗ್ರೂಪಿನಲ್ಲಿ ಮಾತೇ ಆಡುತ್ತಿಲ್ಲ, ಸಂದೇಶ ಓದಿದ ನೀಲಿ ಗುರುತು ಮಾತ್ರ ಕಾಣಿಸುತ್ತದೆ. ಒಬ್ಬರು ಟ್ಯಾಕ್ಸಿ ಓಡಿಸುತ್ತಾರೆ, ರಾತ್ರಿ ಎರಡಕ್ಕೆ ಬಂದು ಬೆಳಿಗ್ಗೆ ಗಾಡಿ ತೆಗೆಯಬೇಕು. ಇನ್ನೊಬ್ಬರ ಹತ್ತಿರ ಕಾರೇ ಇಲ್ಲ. ಸಭೆಗೆ ಮುಂಚೆ ಇಬ್ಬರ ಮನೆಗೂ ಹೋಗಬೇಕು. ಕಾರಿಲ್ಲದವರ ಮನೆಗೆ ಮೊದಲು.